ಅಪ್ಪನ ಗಡೀಪಾರು, ಮಗುವಿನ ಕಡತ

2025ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಪತ್ರಿಕೆಗಳಲ್ಲಿ ಒಂದು ಸುದ್ದಿ ಭಾರಿ ಸದ್ದು ಮಾಡಿತು. ಜೈಲುಶಿಕ್ಷೆ ಅನುಭವಿಸಿದ್ದ ಅಲ್ಬೇನಿಯಾದ ವ್ಯಕ್ತಿಯೊಬ್ಬನ ಗಡೀಪಾರು ತಪ್ಪಿತಂತೆ, ಕಾರಣ ಅವನ ಹತ್ತು ವರ್ಷದ ಮಗನಿಗೆ ಹೊರದೇಶದ ಚಿಕನ್ ನಗೆಟ್ ಸೇರುವುದಿಲ್ಲವಂತೆ. ಓದಿದವರು ನ್ಯಾಯಾಧೀಶರನ್ನು ಬೈದರು, ರಾಜಕಾರಣಿಗಳು ಹೇಳಿಕೆ ಕೊಟ್ಟರು. ತೀರ್ಪನ್ನು ತೆರೆದು ನೋಡಿದರೆ ಅಲ್ಲಿರುವುದು ಬೇರೆ. ಆ ಹುಡುಗನಿಗೆ ಆಹಾರ, ಬಟ್ಟೆಗಳ ವಿಷಯದಲ್ಲಿ ವಿಶೇಷ ಸೂಕ್ಷ್ಮತೆಯಿದೆ ಎಂಬ ವಾದವಿತ್ತು. ಅವನು ಅಪ್ಪನ ದೇಶಕ್ಕೆ ಹೋಗಿ ಬದುಕಲಾರ ಎನ್ನಲು ಮೊದಲ ಹಂತದ ನ್ಯಾಯಾಧೀಶರು ಕೊಟ್ಟ ಏಕೈಕ ಉದಾಹರಣೆ ಆ ನಗೆಟ್. ಇಷ್ಟು ಸಾಲದು ಎಂದ ಮೇಲಿನ ಹಂತದ ನ್ಯಾಯಮಂಡಳಿ, ಅಂದರೆ ಅಪ್ಪರ್ ಟ್ರಿಬ್ಯೂನಲ್, ಆ ತೀರ್ಪನ್ನು ರದ್ದು ಮಾಡಿ ಮತ್ತೆ ವಿಚಾರಣೆಗೆ ಕಳಿಸಿತು. ಅಂದರೆ ಪತ್ರಿಕೆಗಳು ಕೂಗಾಡಿದ ತೀರ್ಪು ಆಗಲೇ ಬಿದ್ದುಹೋಗಿತ್ತು.

2011ರ ಅಕ್ಟೋಬರಿನಲ್ಲೂ ಹೀಗೇ ಆಗಿತ್ತು. ಆಗ ಗೃಹ ಸಚಿವೆಯಾಗಿದ್ದ ಥೆರೇಸಾ ಮೇ, ಬೆಕ್ಕು ಸಾಕಿದ್ದಾನೆ ಎಂಬ ಕಾರಣಕ್ಕೆ ಒಬ್ಬನನ್ನು ಗಡೀಪಾರು ಮಾಡಲಾಗಲಿಲ್ಲ ಎಂದು ಪಕ್ಷದ ಸಮಾವೇಶದಲ್ಲಿ ಹೇಳಿದರು. ತೀರ್ಪಿಗೂ ಬೆಕ್ಕಿಗೂ ಸಂಬಂಧವಿಲ್ಲ ಎಂದು ನ್ಯಾಯಾಂಗದ ಕಚೇರಿಯೇ ಸ್ಪಷ್ಟಪಡಿಸಬೇಕಾಯಿತು.

ಇಂಥ ಸುದ್ದಿಗಳಿಂದ ಜನರ ಮನಸ್ಸಿನಲ್ಲಿ ಉಳಿಯುವುದು ಒಂದೇ ತಿಳುವಳಿಕೆ: ಬ್ರಿಟನ್ನಿನಲ್ಲಿ ಒಂದು ಮಗುವಿದ್ದರೆ ಸಾಕು, ಯಾರೂ ಹೊರಗೆ ಹಾಕುವುದಿಲ್ಲ. ಇದನ್ನು ನಂಬಿ ಕೈಕಟ್ಟಿ ಕೂತ ಕುಟುಂಬಗಳು ಒಡೆದುಹೋಗುತ್ತವೆ. ಕೋರ್ಟು ಮಗುವಿನ ಕಣ್ಣೀರನ್ನು ತೂಗುವುದಿಲ್ಲ. ಆ ಮಗುವಿಗೆ, ಬೇರೆ ಯಾವ ಮಗುವಿಗೂ ಅಲ್ಲ, ನಿಜವಾಗಿ ಏನಾಗುತ್ತದೆ ಎಂದು ದಾಖಲೆಯಲ್ಲಿ ತೋರಿಸಿ ಎನ್ನುತ್ತದೆ. ನಗೆಟ್ ಪ್ರಕರಣದ ಆ ತೀರ್ಪು ಬಿದ್ದದ್ದೂ ಇಲ್ಲೇ.

ಕನ್ನಡದಲ್ಲಿ ಇದನ್ನು ಬರೆಯಲು ನೇರವಾದ ಕಾರಣವಿದೆ. 'ಮೊದಲು ಗಡೀಪಾರು, ಆಮೇಲೆ ಮೇಲ್ಮನವಿ' ಎಂಬ ಯೋಜನೆಯ ಪಟ್ಟಿಯನ್ನು ಬ್ರಿಟನ್ ಸರ್ಕಾರ 2025ರ ಆಗಸ್ಟ್‌ನಲ್ಲಿ 8 ದೇಶಗಳಿಂದ 23ಕ್ಕೆ ಏರಿಸಿತು. ಹೊಸದಾಗಿ ಸೇರಿದವುಗಳಲ್ಲಿ ಭಾರತವೂ ಇದೆ. ಐಟಿ ಕೆಲಸಕ್ಕೆ, ನರ್ಸಿಂಗಿಗೆ, ವೃದ್ಧರ ಆರೈಕೆಗೆ, ಓದಿಗೆ ಎಂದು ಹೋಗಿ ಅಲ್ಲೇ ಮನೆಮಾಡಿದ ನಮ್ಮವರು ಸಾಕಷ್ಟಿದ್ದಾರೆ. ಅಪರಾಧ ಎಂದರೆ ಕೊಲೆ, ದರೋಡೆಯೇ ಆಗಬೇಕಿಲ್ಲ. ಅಪಾಯಕಾರಿ ಚಾಲನೆಯಿಂದ ಯಾರಿಗೋ ಗಂಭೀರ ಗಾಯವಾದರೂ, ಕಚೇರಿಯ ಲೆಕ್ಕದಲ್ಲಿ ವಂಚನೆಯಾದರೂ ಸಾಕು, ಶಿಕ್ಷೆ 12 ತಿಂಗಳು ಮುಟ್ಟಬಹುದು.

ಆ 12 ತಿಂಗಳು ನಿರ್ಣಾಯಕ. 2007ರ ಯುಕೆ ಬಾರ್ಡರ್ಸ್ ಕಾಯ್ದೆಯ 32ನೇ ಸೆಕ್ಷನ್ ಪ್ರಕಾರ, ಬ್ರಿಟಿಷ್ ಪೌರನಲ್ಲದವನಿಗೆ ಕನಿಷ್ಠ 12 ತಿಂಗಳ ಜೈಲಾದರೆ ಗೃಹ ಸಚಿವರು ಗಡೀಪಾರು ಆದೇಶ ಹೊರಡಿಸಲೇಬೇಕು, 33ನೇ ಸೆಕ್ಷನ್ನಿನ ವಿನಾಯಿತಿಗಳಿಗೆ ಒಳಪಟ್ಟರೆ ಮಾತ್ರ ಬಿಡುಗಡೆ. ಅದಕ್ಕಿಂತ ಕಡಿಮೆ ಶಿಕ್ಷೆಯಾದವರನ್ನೂ ಸಾರ್ವಜನಿಕ ಹಿತದ ಹೆಸರಿನಲ್ಲಿ 1971ರ ವಲಸೆ ಕಾಯ್ದೆಯಡಿ ಕಳಿಸಬಹುದು, ಆದರೆ ಅಲ್ಲಿ ಅದು ಸರ್ಕಾರದ ವಿವೇಚನೆಗೆ ಬಿಟ್ಟದ್ದು. ಕ್ರಿಮಿನಲ್ ಕೇಸು ನಡೆಸುವ ವಕೀಲರು ಅನೇಕ ಸಲ ವೀಸಾ ಕಡೆ ನೋಡುವುದೇ ಇಲ್ಲ. ತಪ್ಪೊಪ್ಪಿಕೊಳ್ಳುವ ಮುಂಚೆಯೇ ಇಮಿಗ್ರೇಶನ್ ವಕೀಲರನ್ನೂ ಕೇಳಬೇಕು. 11 ತಿಂಗಳಿಗೂ 12 ತಿಂಗಳಿಗೂ ಶಿಕ್ಷೆಯ ಲೆಕ್ಕದಲ್ಲಿ ಒಂದೇ ತಿಂಗಳ ಅಂತರ, ಹೊರಗೆ ಬಂದಮೇಲೆ ಇಡೀ ಸಂಸಾರದ ಅಂತರ.

ಇನ್ನೊಂದು ಗೊಂದಲವನ್ನು ಇಲ್ಲೇ ಬಿಡಿಸಬೇಕು. ವೀಸಾ ಮುಗಿದಮೇಲೂ ಉಳಿದವರನ್ನು ಕಳಿಸುವುದು 'ರಿಮೂವಲ್', ಅಪರಾಧದ ಕಾರಣಕ್ಕೆ ಕಳಿಸುವುದು 'ಡಿಪೋರ್ಟೇಶನ್'. ಎರಡಕ್ಕೂ ಅಳತೆಗೋಲು ಬೇರೆ. 2002ರ ವಲಸೆ ಕಾಯ್ದೆಗೆ 2014ರಲ್ಲಿ ಸೇರಿಸಿದ ಸೆಕ್ಷನ್ 117ಬಿ(6) ಪ್ರಕಾರ, ರಿಮೂವಲ್ ಎದುರಿಸುತ್ತಿರುವ ತಂದೆ ಅಥವಾ ತಾಯಿಗೆ ಅರ್ಹ ಮಗುವೊಂದರ ಜೊತೆ ನಿಜವಾದ, ಚಾಲ್ತಿಯಲ್ಲಿರುವ ಪಾಲಕ ಸಂಬಂಧವಿದ್ದು, ಆ ಮಗು ದೇಶ ಬಿಟ್ಟು ಹೋಗಬೇಕೆಂದು ನಿರೀಕ್ಷಿಸುವುದು ಸಮಂಜಸವಲ್ಲದಿದ್ದರೆ, ಕಳಿಸುವುದರಲ್ಲಿ ಸಾರ್ವಜನಿಕ ಹಿತ ಇಲ್ಲ. ಅರ್ಹ ಮಗು ಎಂದರೆ 18 ದಾಟಿರದ, ಬ್ರಿಟಿಷ್ ಪೌರತ್ವವಿರುವ ಅಥವಾ ಸತತ 7 ವರ್ಷ ಅಲ್ಲಿ ಬೆಳೆದ ಮಗು. ಡಿಪೋರ್ಟೇಶನ್ನಿಗೆ ಈ ಉದಾರ ಬಾಗಿಲು ಇಲ್ಲ. ಅಲ್ಲಿ 117ಸಿ ಅನ್ವಯಿಸುತ್ತದೆ. ನೆಂಟರಿಷ್ಟರು 'ನಮ್ಮ ಪರಿಚಯದವರಿಗೆ ಏಳು ವರ್ಷದ ಮೇಲೆ ಸಿಕ್ಕಿತು' ಎಂದು ಹೇಳುವ ಕತೆಗಳು ಬಹುಪಾಲು ಮೊದಲನೆಯ ಬಗೆಯವು.

ಇದರ ಬೇರು ಯುರೋಪಿಯನ್ ಮಾನವ ಹಕ್ಕುಗಳ ಒಡಂಬಡಿಕೆಯ 8ನೇ ವಿಧಿಯಲ್ಲಿದೆ, ಖಾಸಗಿ ಮತ್ತು ಕೌಟುಂಬಿಕ ಬದುಕಿನ ಗೌರವದ ಹಕ್ಕು. ಹಳೆಯ ಪ್ರಕರಣಗಳಲ್ಲಿ ನನಗೆ ತುಂಬಾ ಮುಖ್ಯವಾಗಿ ಕಾಣುವುದು 1988ರ ಬೆರ್‍ರೆಹಾಬ್ ತೀರ್ಪು. ನೆದರ್ಲೆಂಡ್ಸಿನಲ್ಲಿದ್ದ ಮೊರಾಕೊದ ತಂದೆ, ವಿಚ್ಛೇದನವಾಗಿತ್ತು, ಮದುವೆಯ ಆಧಾರದ ಪರವಾನಗಿ ಹೋಗಿತ್ತು. ಆದರೆ ಅವನು ಪುಟ್ಟ ಮಗಳನ್ನು ವಾರಕ್ಕೆ ನಾಲ್ಕು ಸಲ, ಪ್ರತಿಸಲ ಹಲವು ಗಂಟೆ ನೋಡುತ್ತಿದ್ದ. ಆ ವಾರಕ್ಕೆ ನಾಲ್ಕು ಸಲವೇ ಸ್ಟ್ರಾಸ್‌ಬರ್ಗ್ ಮಾನವ ಹಕ್ಕು ನ್ಯಾಯಾಲಯದಲ್ಲಿ ಅವನ ಕೈಹಿಡಿಯಿತು. ಅವನು ಅಪರಾಧಿಯಾಗಿರಲಿಲ್ಲ, ಅದನ್ನು ಮರೆಯಬಾರದು. ಅಪರಾಧವೂ ಇದ್ದಾಗ ಹೇಗೆ ತೂಗಬೇಕು ಎಂಬುದು 2001ರ ಬೂಲ್ತಿಫ್ ಪ್ರಕರಣದಲ್ಲಿ ರೂಪಗೊಂಡಿತು. 2006ರ ಊನರ್ ತೀರ್ಪು ಮಕ್ಕಳ ಹಿತವನ್ನು ಆ ಪಟ್ಟಿಗೆ ಸ್ಪಷ್ಟವಾಗಿ ಸೇರಿಸಿತು.

ಬ್ರಿಟನ್ನಿನೊಳಗೆ 2009ರ ಕಾಯ್ದೆಯ 55ನೇ ಸೆಕ್ಷನ್, ಗಡಿ ಮತ್ತು ವಲಸೆ ಕೆಲಸ ಮಾಡುವಾಗಲೂ ಮಕ್ಕಳ ಕ್ಷೇಮ ಕಾಯುವ ಹೊಣೆಯನ್ನು ಗೃಹ ಸಚಿವರ ಮೇಲೆ ಹಾಕಿತು. 2011ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಝಡ್‌ಎಚ್ (ಟಾಂಜಾನಿಯಾ) ತೀರ್ಪು ಇದಕ್ಕೆ ಜೀವ ತುಂಬಿತು. ತಾಯಿ ಸುಳ್ಳು ಹೆಸರುಗಳಲ್ಲಿ ಆಶ್ರಯ ಕೇಳಿದ್ದವಳು. ಮಕ್ಕಳು 12 ಮತ್ತು 9 ವರ್ಷದವರು, ಹುಟ್ಟಿನಿಂದ ಬ್ರಿಟಿಷರು. ಲೇಡಿ ಹೇಲ್ ಬರೆದ ತೀರ್ಪಿನ ಸಾರ ಇಷ್ಟು: ಮಕ್ಕಳ ಹಿತ ಯಾವುದು ಎಂಬುದನ್ನು ಮೊದಲು ಕಂಡುಕೊಳ್ಳಬೇಕು, ತಾಯಿಯ ತಪ್ಪಿಗೆ ಮಕ್ಕಳನ್ನು ಹೊಣೆ ಮಾಡಬಾರದು, ಆದರೂ ಬೇರೆ ಸಂಗತಿಗಳೆಲ್ಲ ಸೇರಿ ಆ ಹಿತವನ್ನು ಮೀರಿಸಬಹುದು. ಮಗುವಿನ ಹಿತ ಪ್ರಮುಖ, ಆದರೆ ಸರ್ವೋಚ್ಚವಲ್ಲ. ಈ ಕೊನೆಯ ಭಾಗವನ್ನು ಬಿಟ್ಟು ಓದುವವರೇ ಹೆಚ್ಚು.

ಈಗ 117ಸಿ. ಶಿಕ್ಷೆ 4 ವರ್ಷಕ್ಕಿಂತ ಕಡಿಮೆಯಿದ್ದರೆ ಎರಡು ವಿನಾಯಿತಿಗಳಿವೆ. ಒಂದು ಖಾಸಗಿ ಬದುಕಿಗೆ ಸಂಬಂಧಿಸಿದ್ದು. ಆಯುಷ್ಯದ ಬಹುಪಾಲು ಕಾನೂನುಬದ್ಧವಾಗಿ ಅಲ್ಲೇ ಕಳೆದಿರಬೇಕು, ಆ ಸಮಾಜದಲ್ಲಿ ಬೆರೆತಿರಬೇಕು, ತಾಯ್ನಾಡಿನಲ್ಲಿ ನೆಲೆಯೂರಲು ಬಹಳ ದೊಡ್ಡ ಅಡೆತಡೆಗಳಿರಬೇಕು. ದೊಡ್ಡವರಾದ ಮೇಲೆ ಹೋದ ಭಾರತೀಯರಿಗೆ ಇದು ಒದಗುವುದು ಕಷ್ಟ. ಎರಡನೆಯದು ಮಗು ಅಥವಾ ಸಂಗಾತಿಗೆ ಸಂಬಂಧಿಸಿದ್ದು: ಗಡೀಪಾರಿನ ಪರಿಣಾಮ ಅವರ ಮೇಲೆ 'ಅನ್‌ಡ್ಯೂಲಿ ಹಾರ್ಷ್', ಅಂದರೆ ಮಿತಿಮೀರಿ ಕಠೋರ ಆಗಬೇಕು. ಶಿಕ್ಷೆ 4 ವರ್ಷ ಅಥವಾ ಹೆಚ್ಚಾದರೆ ಇವೆರಡನ್ನೂ ಮೀರಿದ, ಅತ್ಯಂತ ಬಲವಾದ ಸನ್ನಿವೇಶ ತೋರಿಸಬೇಕು.

ಮಿತಿಮೀರಿ ಕಠೋರ ಎಂದರೆಷ್ಟು? ಅನಾನುಕೂಲ, ಕಷ್ಟ, ಬೇಸರ ಇವು ಯಾವುವೂ ಸಾಲವು. ತೀವ್ರವಾದ, ಬರಡಾದ ಸ್ಥಿತಿ ಬೇಕು, ಅದೂ ಮಿತಿ ಮೀರಿರಬೇಕು ಎಂದು ಟ್ರಿಬ್ಯೂನಲ್‌ಗಳು ಹೇಳಿಕೊಂಡು ಬಂದಿವೆ. ಮಧ್ಯೆ ಕೆಲವು ವರ್ಷ ಇದನ್ನು ಇನ್ನೂ ಬಿಗಿಯಾಗಿ ಓದಲಾಗುತ್ತಿತ್ತು. ಅಪ್ಪ ಗಡೀಪಾರಾದ ಯಾವುದೇ ಮಗುವಿಗೆ ಆಗುವ ನೋವಿಗಿಂತ ಈ ಮಗುವಿನ ನೋವು ಹೆಚ್ಚಿರಬೇಕು ಎಂಬ ಓದು ಅದು. ಎಲ್ಲ ಮಕ್ಕಳೂ ನರಳುತ್ತಾರೆ, ಆದ್ದರಿಂದ ನರಳಿಕೆ ಲೆಕ್ಕಕ್ಕಿಲ್ಲ ಎಂದಂತಾಯಿತು. 2022ರ ಜುಲೈನಲ್ಲಿ ಎಚ್‌ಎ (ಇರಾಕ್) ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಹೋಲಿಕೆಯನ್ನು ತಳ್ಳಿಹಾಕಿತು. ದೈಹಿಕ ಹಾನಿಯಷ್ಟೇ ಭಾವನಾತ್ಮಕ ಹಾನಿಯೂ ಲೆಕ್ಕಕ್ಕೆ ಬರುತ್ತದೆ ಎಂದು ಈ ಪ್ರಕರಣದಲ್ಲಿ ಕೆಳಗಿನ ಮೇಲ್ಮನವಿ ನ್ಯಾಯಾಲಯ ಮೊದಲೇ ಹೇಳಿತ್ತು; ಕಾಲ್ಪನಿಕ ಸಾಮಾನ್ಯ ಮಗುವನ್ನು ಬದಿಗಿಟ್ಟು ಎದುರಿರುವ ಮಗುವನ್ನು ನೋಡಿ ಎಂದು ಸುಪ್ರೀಂ ಕೋರ್ಟ್ ಹೇಳಿತು. ಅದೇ ತೀರ್ಪಿನಲ್ಲಿ, ಮಾದಕದ್ರವ್ಯದ ಅಪರಾಧಕ್ಕೆ ನಾಲ್ಕೂವರೆ ವರ್ಷದ ಶಿಕ್ಷೆಯಾಗಿದ್ದ ನೈಜೀರಿಯಾದ ತಂದೆಯೊಬ್ಬನ ಗೆಲುವೂ ಉಳಿಯಿತು. ಈ ತೀರ್ಪು ಬರದಿದ್ದರೆ ಉಳಿದ ಮಾತೆಲ್ಲ ವ್ಯರ್ಥವಾಗುತ್ತಿತ್ತು ಎಂದೇ ನನ್ನ ನಂಬಿಕೆ.

ಎರಡು ಸ್ಥಿತಿಗಳನ್ನು ಬೇರೆಬೇರೆಯಾಗಿ ಸಾಬೀತುಪಡಿಸಬೇಕು. ಮಗು ಅಪ್ಪನ ಜೊತೆ ದೇಶ ಬಿಟ್ಟು ಹೋದರೆ ಏನಾಗುತ್ತದೆ? ಅಪ್ಪ ಹೋಗಿ ಮಗು ಅಲ್ಲೇ ಉಳಿದರೆ ಏನಾಗುತ್ತದೆ? ಎರಡೂ ಮಿತಿಮೀರಿ ಕಠೋರವಾಗಿರಬೇಕು; ಒಂದರಲ್ಲಿ ಗೆದ್ದು ಇನ್ನೊಂದರಲ್ಲಿ ಸೋತರೆ ಸೋತಂತೆಯೇ.

ಭಾರತದ ವಿಷಯದಲ್ಲಿ ಮೊದಲನೆಯ ಪ್ರಶ್ನೆಯೇ ಬಿಕ್ಕಟ್ಟು. ಹೋಂ ಆಫೀಸಿನ, ಅಂದರೆ ಬ್ರಿಟನ್ನಿನ ಗೃಹ ಇಲಾಖೆಯ ವಾದ ಸಿದ್ಧವಾಗಿರುತ್ತದೆ: ಬೆಂಗಳೂರಿನಲ್ಲಿ ಇಂಗ್ಲಿಷ್ ಮಾಧ್ಯಮದ ಶಾಲೆಗಳಿವೆ, ಅಜ್ಜ ಅಜ್ಜಿ ಇದ್ದಾರೆ, ಮಗುವಿಗೆ ಓಸಿಐ ಕಾರ್ಡ್ ಸಿಗುತ್ತದೆ, ಪ್ರತಿ ಬೇಸಿಗೆಗೆ ಹೋಗಿ ಬರುತ್ತಿತ್ತು. ಇದಕ್ಕೆ 'ಅಲ್ಲಿ ಜೀವನ ಕಷ್ಟ' ಎಂಬ ಉತ್ತರ ನಿಲ್ಲುವುದಿಲ್ಲ. ನಿಲ್ಲುವ ಉತ್ತರಗಳು ಹೀಗಿರುತ್ತವೆ: ಮಗುವಿಗೆ ಆಟಿಸಂ ಇದೆ, ಸ್ಥಳೀಯ ಆಡಳಿತ ಕೊಟ್ಟ ಇಎಚ್‌ಸಿ ಪ್ಲಾನಿನಲ್ಲಿ (ವಿಶೇಷ ಅಗತ್ಯವಿರುವ ಮಗುವಿನ ಶಿಕ್ಷಣ, ಆರೋಗ್ಯ, ಆರೈಕೆಯ ಯೋಜನೆ) ವಾರಕ್ಕೆ ಇಷ್ಟು ಗಂಟೆ ಸ್ಪೀಚ್ ಥೆರಪಿ ಎಂದು ಬರೆದಿದೆ, ತಂದೆಯ ಊರಿನಲ್ಲಿ ಅದರ ಬದಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂದು ವಿಚಾರಿಸಿದ ದಾಖಲೆ ಇದೆ. ಅಥವಾ ತಾಯಿಗೆ ಮೊದಲ ಮದುವೆಯ ಮಗುವೊಂದಿದ್ದು, ಅದು ಬ್ರಿಟನ್ನಿನಲ್ಲಿರುವ ತನ್ನ ಅಪ್ಪನನ್ನು ನೋಡಬೇಕೆಂಬ ಕೌಟುಂಬಿಕ ನ್ಯಾಯಾಲಯದ ಆದೇಶವಿದೆ, ಆದ್ದರಿಂದ ತಾಯಿ ದೇಶ ಬಿಡುವಂತಿಲ್ಲ, ತಾಯಿ ಬಿಡದಿದ್ದರೆ ಚಿಕ್ಕ ಮಗುವೂ ಬಿಡುವಂತಿಲ್ಲ. ಅಥವಾ ಬ್ರಿಟಿಷ್ ಸಂಗಾತಿ ತನ್ನ ಹಾಸಿಗೆ ಹಿಡಿದ ತಾಯಿಯ ಏಕೈಕ ಆಸರೆ.

ಎರಡನೆಯ ಪ್ರಶ್ನೆಯಲ್ಲಿ ನಮ್ಮವರು ಸೋಲುವ ಬಗೆ ಬೇರೆ, ಅದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಅಪ್ಪ ಜೈಲಿನಲ್ಲಿದ್ದ ಎರಡು ವರ್ಷ ಮಗು ತಾಯಿಯ ಜೊತೆ ಇತ್ತು, ಶಾಲೆಗೆ ಹೋಯಿತು, ಪಾಸಾಯಿತು, ಹಾಗಾದರೆ ಅಪ್ಪನಿಲ್ಲದೆ ಬದುಕಬಲ್ಲದು ಎಂಬುದು ಸರ್ಕಾರದ ವಾದ. ಇದಕ್ಕೆ ಉತ್ತರ ಆ ಎರಡು ವರ್ಷದ ದಾಖಲೆಗಳಲ್ಲೇ ಇರಬೇಕು. ಹಾಜರಾತಿ ಯಾವ ತಿಂಗಳಿನಿಂದ ಕುಸಿಯಿತು, ಮಗು ಮತ್ತೆ ಹಾಸಿಗೆಯಲ್ಲಿ ಉಚ್ಚೆ ಹೊಯ್ಯಲು ಶುರುಮಾಡಿದ್ದನ್ನು ಜಿಪಿ, ಅಂದರೆ ಕುಟುಂಬದ ವೈದ್ಯರು, ಯಾವಾಗ ಬರೆದುಕೊಂಡರು, ಮಕ್ಕಳ ಮಾನಸಿಕ ಆರೋಗ್ಯ ಸೇವೆಗೆ ಯಾರು ಕಳಿಸಿದರು. ಆದರೆ ಮರ್ಯಾದೆಗೆ ಅಂಜುವ ಮನೆಯಲ್ಲಿ ಇದ್ಯಾವುದೂ ದಾಖಲಾಗಿರುವುದಿಲ್ಲ. ಶಾಲೆಗೆ 'ಅಪ್ಪ ಕೆಲಸದ ಮೇಲೆ ಇಂಡಿಯಾಕ್ಕೆ ಹೋಗಿದ್ದಾರೆ' ಎಂದು ಹೇಳಿರುತ್ತಾರೆ. ಮಗುವಿಗೂ ಅದನ್ನೇ ಹೇಳಿರುತ್ತಾರೆ, ಜೈಲಿಗೆ ಕರೆದುಕೊಂಡೇ ಹೋಗಿರುವುದಿಲ್ಲ. ತಾಯಿ ಡಾಕ್ಟರ ಎದುರು 'ಪರವಾಗಿಲ್ಲ, ನಿಭಾಯಿಸ್ತಿದೀನಿ' ಎಂದಿರುತ್ತಾಳೆ. ಆ ಒಂದು ವಾಕ್ಯ ಜಿಪಿ ದಾಖಲೆಯಲ್ಲಿ ಕೂತು, ವಿಚಾರಣೆಯ ದಿನ ಅವಳ ವಿರುದ್ಧವೇ ಓದಲ್ಪಡುತ್ತದೆ. ಮಗುವಿನ ಸಂಕಟ ನಿಜವಾಗಿದ್ದರೂ ಅದನ್ನು ಕಂಡ ಹೊರಗಿನ ಸಾಕ್ಷಿ ಇರುವುದಿಲ್ಲ. ಮನೆಮಂದಿ ಮುಚ್ಚಿಟ್ಟದ್ದು ಮಗುವನ್ನು ಕಾಪಾಡಲೆಂದೇ, ಅದನ್ನು ತಪ್ಪು ಎನ್ನಲು ನನಗೆ ಮನಸ್ಸು ಬಾರದು. ಆದರೂ ಶಿಕ್ಷೆಯಾದ ದಿನವೇ ಶಾಲೆಯ ಒಬ್ಬ ನಂಬಿಕಸ್ಥ ಶಿಕ್ಷಕರಿಗೆ, ಜಿಪಿಗೆ ನಿಜ ಹೇಳಿಬಿಡಿ ಎಂದು ಅಂಥ ತಾಯಂದಿರಿಗೆಲ್ಲ ಬೇಡಿಕೊಳ್ಳಬೇಕೆನಿಸುತ್ತದೆ.

ಸಂಬಂಧ ನಿಜವಾದದ್ದು ಎಂಬುದಕ್ಕೂ ಸಣ್ಣ ಕಾಗದಗಳೇ ಬೇಕು. ಜೈಲಿನ ಭೇಟಿಗಳ ದಾಖಲೆ, ಅಲ್ಲಿಂದ ಮಾಡಿದ ಫೋನ್ ಕರೆಗಳ ಪಟ್ಟಿ, ಜೈಲಿಗೆ ಮೊದಲು ಶಾಲೆಯಿಂದ ಮಗುವನ್ನು ಕರೆದೊಯ್ಯಲು ಯಾರ ಹೆಸರಿತ್ತು, ಲಸಿಕೆಗೆ ಯಾರು ಜೊತೆಗೆ ಬಂದಿದ್ದರು. ಹತ್ತು ಜನ ನೆಂಟರು ಬರೆದ 'ಅವರು ಒಳ್ಳೆಯ ತಂದೆ' ಎಂಬ ಪತ್ರಗಳಿಗಿಂತ ನರ್ಸರಿಯ ಒಂದು ಸಹಿ ಪುಸ್ತಕಕ್ಕೆ ಹೆಚ್ಚು ಬೆಲೆ.

ಇವೆಲ್ಲಕ್ಕೂ ಕಳಶವಿಟ್ಟಂತೆ ಇರಬೇಕಾದದ್ದು ಸ್ವತಂತ್ರ ಸಮಾಜ ಕಾರ್ಯಕರ್ತರ ವರದಿ. ಎಷ್ಟೋ ವರದಿಗಳು ದುಡ್ಡು ತಿಂದು ನಿಷ್ಪ್ರಯೋಜಕವಾಗುತ್ತವೆ, ಕಾರಣಗಳು ಹೆಚ್ಚುಕಡಿಮೆ ಒಂದೇ. ತಂದೆ ಮತ್ತು ಮಗುವನ್ನು ಒಟ್ಟಿಗೆ ನೋಡಿರುವುದಿಲ್ಲ, ತಾಯಿಯ ಮಾತನ್ನಷ್ಟೇ ಬರೆದುಕೊಂಡಿರುತ್ತಾರೆ. ಶಿಕ್ಷೆ ವಿಧಿಸುವಾಗ ನ್ಯಾಯಾಧೀಶರು ಆಡಿದ ಮಾತುಗಳ ಪ್ರತಿಯನ್ನು ಅವರಿಗೆ ಕೊಟ್ಟಿರುವುದಿಲ್ಲ, ಹಾಗಾಗಿ ಅಪರಾಧದ ಗಂಭೀರತೆ ತಿಳಿಯದೆ ಬರೆದದ್ದು ಎಂದು ಒಂದೇ ಪ್ರಶ್ನೆಗೆ ವರದಿ ಕುಸಿಯುತ್ತದೆ. ಉಳಿಯುವ, ಹೋಗುವ ಎರಡೂ ಸ್ಥಿತಿಗಳನ್ನು ಪ್ರತ್ಯೇಕವಾಗಿ ನೋಡಿರುವುದಿಲ್ಲ. ವಿಡಿಯೊ ಕರೆ ಯಾಕೆ ಸಾಲದು ಎಂಬುದಕ್ಕೆ ಈ ವಯಸ್ಸಿನ, ಈ ಮಗುವಿನ ಉತ್ತರ ಇರುವುದಿಲ್ಲ. ಕೆಲವರು ತಜ್ಞರ ಗೆರೆ ದಾಟಿ 'ಗಡೀಪಾರು ಮಾಡಬಾರದು' ಎಂದು ಬರೆದುಬಿಡುತ್ತಾರೆ. ತಜ್ಞರ ಕರ್ತವ್ಯ ಟ್ರಿಬ್ಯೂನಲ್‌ಗೆ, ಹಣ ಕೊಟ್ಟವರಿಗಲ್ಲ. ವಕೀಲರಂತೆ ವಾದಿಸಿದ ವರದಿಗೆ ತೂಕ ಸಿಗದು. ವಿಚಾರಣೆ ಮುಂದಕ್ಕೆ ಹೋಗುತ್ತಾ ವರದಿ ವರ್ಷ ಹಳೆಯದಾದರೆ ಪೂರಕ ವರದಿ ಬರೆಸಬೇಕು.

ತಂದೆಯ ಸುಧಾರಣೆಯೂ ಕಾಗದದಲ್ಲಿ ಬರಬೇಕು: ಮತ್ತೆ ಅಪರಾಧ ಮಾಡುವ ಸಂಭವವನ್ನು ಅಳೆಯುವ ಪ್ರೊಬೇಶನ್ ಇಲಾಖೆಯ ಓಏಸಿಸ್ ವರದಿ, ಜೈಲಿನಲ್ಲಿ ಮುಗಿಸಿದ ಕೋರ್ಸುಗಳು, ವ್ಯಸನಮುಕ್ತಿಯ ಪರೀಕ್ಷೆಗಳು. ಬರೀ 'ಮತ್ತೆ ತಪ್ಪು ಮಾಡಿಲ್ಲ' ಎಂಬುದಕ್ಕೆ ಹೆಚ್ಚು ಬೆಲೆ ಇಲ್ಲವೆಂದು ಎಚ್‌ಎ ತೀರ್ಪೇ ಹೇಳಿದೆ.

ಮಗುವಿನ ಮಾತು? ಟ್ರಿಬ್ಯೂನಲ್‌ನಲ್ಲಿ ಮಗು ಕಕ್ಷಿದಾರನಲ್ಲ. ಕುಟುಂಬದ ಎಲ್ಲರ ಹಕ್ಕನ್ನೂ ಒಟ್ಟಿಗೆ ನೋಡಬೇಕೆಂದು 2008ರ ಬಿಯೊಕು-ಬೆಟ್ಸ್ ತೀರ್ಪಿನಿಂದ ಸ್ಥಾಪಿತವಾದರೂ, ಮಗುವಿಗೆ ಅಲ್ಲಿ ತನ್ನದೇ ವಕೀಲರಿರುವುದಿಲ್ಲ. ಮಗುವನ್ನು ಸಾಕ್ಷಿಯಾಗಿ ನಿಲ್ಲಿಸುವುದು ವಿರಳ, ನಿಲ್ಲಿಸದಿರುವುದೇ ಸರಿ. ದೊಡ್ಡವರ ಭಾಷೆಯಲ್ಲಿ ಬರೆಸಿದ 'ದಯವಿಟ್ಟು ನನ್ನ ಡ್ಯಾಡಿಯನ್ನು ಕಳಿಸಬೇಡಿ' ಎಂಬ ಪತ್ರ ಹೇಳಿಕೊಟ್ಟು ಬರೆಸಿದ್ದೆಂದು ಮೊದಲ ನೋಟಕ್ಕೇ ತಿಳಿಯುತ್ತದೆ. ಮಗುವಿನ ಮಾತು ಬರಬೇಕಾದ ಸರಿಯಾದ ದಾರಿ ಸಮಾಜ ಕಾರ್ಯಕರ್ತರು ಏಕಾಂತದಲ್ಲಿ ಕೇಳಿ, ಮಗು ಹೇಳಿದ ಪದಗಳಲ್ಲೇ ಬರೆದದ್ದು.

ಇನ್ನು ಗಡುವುಗಳು. ಗಡೀಪಾರಿನ ಮೊದಲ ನೋಟೀಸು ಬಂದಾಗ ಕಾರಣ ತೋರಿಸಲು ಕೆಲವೇ ವಾರ ಇರುತ್ತದೆ, ದಿನಾಂಕ ಪತ್ರದಲ್ಲೇ ಇರುತ್ತದೆ. ಮಾನವ ಹಕ್ಕಿನ ಕೋರಿಕೆ ಹಾಗೂ ಮಗುವಿನ ದಾಖಲೆಗಳನ್ನು ಆಗಲೇ ಕೊಡಬೇಕು, 'ಕೋರ್ಟಿನಲ್ಲಿ ತೋರಿಸೋಣ' ಎಂದು ಇಟ್ಟುಕೊಳ್ಳಬಾರದು. ಕೋರಿಕೆ ತಿರಸ್ಕೃತವಾದರೆ ಫಸ್ಟ್-ಟಿಯರ್ ಟ್ರಿಬ್ಯೂನಲ್‌ಗೆ ದೇಶದೊಳಗಿಂದ 14 ದಿನ, ಹೊರಗಿನಿಂದ 28 ದಿನದೊಳಗೆ ಮೇಲ್ಮನವಿ. ಅಲ್ಲಿ ಸೋತರೆ ಅಪ್ಪರ್ ಟ್ರಿಬ್ಯೂನಲ್‌ಗೆ ಹೋಗಲು ಅನುಮತಿ ಬೇಕು, ಅದೂ ಕಾನೂನಿನ ತಪ್ಪಿದ್ದರೆ ಮಾತ್ರ. ಹೊಸ ಪುರಾವೆಯನ್ನು ಅಲ್ಲಿ ಸುಮ್ಮನೆ ಸೇರಿಸಲಾಗದು.

ಹೋಂ ಆಫೀಸ್ ತಿರಸ್ಕಾರದ ಜೊತೆಗೆ 2002ರ ಕಾಯ್ದೆಯ 94ಬಿ ಸೆಕ್ಷನ್ನಿನ ಪ್ರಮಾಣಪತ್ರ ಲಗತ್ತಿಸಿದರೆ ಮೇಲ್ಮನವಿಯನ್ನು ಭಾರತಕ್ಕೆ ಬಂದಮೇಲೆ, ವಿಡಿಯೊ ಮೂಲಕ ನಡೆಸಬೇಕಾಗುತ್ತದೆ. ಹೀಗೆ ದೂರದಿಂದ ಹೋರಾಡುವುದು ಎಷ್ಟು ಟೊಳ್ಳು ಎಂಬುದನ್ನು 2017ರ ಕಿಯಾರಿ ಮತ್ತು ಬಿಂಡ್‌ಲಾಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿತ್ತು: ವಕೀಲರ ಜೊತೆ ಮಾತು ಕಷ್ಟ, ಸಾಕ್ಷ್ಯ ನುಡಿಯುವುದು ಕಷ್ಟ, ತಜ್ಞರ ವರದಿ ಮಾಡಿಸುವುದು ಇನ್ನೂ ಕಷ್ಟ. ಬೆಂಗಳೂರಿನಲ್ಲಿರುವ ತಂದೆ ಲೆಸ್ಟರಿನಲ್ಲಿರುವ ಮಗುವಿನ ಜೊತೆ ಹೇಗಿರುತ್ತಾನೆಂದು ಸಮಾಜ ಕಾರ್ಯಕರ್ತರು ಪರದೆಯ ಮೇಲೆ ನೋಡಬೇಕೇ? ಆ ತೀರ್ಪಿನ ನಂತರ ನಿಂತಿದ್ದ ಯೋಜನೆ ವಿಡಿಯೊ ಏರ್ಪಾಡು ಮಾಡಿಕೊಂಡು ಮರಳಿ ಬಂದಿದೆ, ಆದರೆ ಈ ಕೊನೆಯ ತೊಡಕು ಹಾಗೇ ಉಳಿದಿದೆ. ಆ ಪ್ರಮಾಣಪತ್ರವನ್ನು ಪ್ರಶ್ನಿಸುವ ದಾರಿ ನ್ಯಾಯಿಕ ಪುನರ್ವಿಮರ್ಶೆ. ನಿಯಮ ಹೆಚ್ಚೆಂದರೆ ಮೂರು ತಿಂಗಳು ಎಂದರೂ ವಿಮಾನದ ಟಿಕೆಟ್ ಬರುವಷ್ಟರಲ್ಲಿ, ಅಂದರೆ ದಿನಗಳಲ್ಲಿ ಹಾಕಬೇಕು. ವರದಿಗಳು ಮೊದಲೇ ಸಿದ್ಧವಿರಬೇಕು ಎನ್ನುವುದು ಇದಕ್ಕೇ.

2013ರ ಏಪ್ರಿಲ್‌ನಿಂದ 8ನೇ ವಿಧಿಯ ವಲಸೆ ಪ್ರಕರಣಗಳಿಗೆ ಸಾಮಾನ್ಯ ಕಾನೂನು ನೆರವು ಇಲ್ಲ. 'ಎಕ್ಸೆಪ್ಶನಲ್ ಕೇಸ್ ಫಂಡಿಂಗ್' ಎಂಬ ವಿಶೇಷ ಅರ್ಜಿ ಹಾಕಬಹುದು. ಮಕ್ಕಳಿರುವ ಗಡೀಪಾರು ಪ್ರಕರಣಗಳಲ್ಲಿ ಅದನ್ನು ಹಾಕದೆ ಬಿಡಬಾರದು. ಬೇಲ್ ಫಾರ್ ಇಮಿಗ್ರೇಶನ್ ಡಿಟೇನೀಸ್ ಎಂಬ ಸೇವಾ ಸಂಸ್ಥೆ ಈ ಕ್ಷೇತ್ರದಲ್ಲೇ ಕೆಲಸ ಮಾಡುತ್ತದೆ. ಸಾಲಿಸಿಟರ್, ಬ್ಯಾರಿಸ್ಟರರಂಥ ವಕೀಲರಲ್ಲದವರು ಸಲಹೆ ಕೊಡಬೇಕಾದರೆ ಇಮಿಗ್ರೇಶನ್ ಅಡ್ವೈಸ್ ಅಥಾರಿಟಿಯಲ್ಲಿ ನೋಂದಾಯಿಸಿರಬೇಕು. 2025ರ ಜನವರಿಗೆ ಮೊದಲು ಇದನ್ನೇ ಓಐಎಸ್‌ಸಿ ಎನ್ನುತ್ತಿದ್ದರು. ನೋಂದಣಿಯಿಲ್ಲದೆ ಸಲಹೆ ಮಾರುವುದು ಅಲ್ಲಿ ಅಪರಾಧ.

ಕೌಟುಂಬಿಕ ನ್ಯಾಯಾಲಯದಲ್ಲಿ ಮಗುವಿನ ಭೇಟಿಯ ಮೊಕದ್ದಮೆ ನಡೆಯುತ್ತಿದ್ದರೆ ಆ ಕಾಗದಗಳನ್ನು ಟ್ರಿಬ್ಯೂನಲ್‌ಗೆ ಕೊಡಲು ಆ ನ್ಯಾಯಾಲಯದ ಅನುಮತಿ ಬೇಕು. ಅನುಮತಿಯಿಲ್ಲದೆ ಕೊಡುವುದು ನ್ಯಾಯಾಂಗ ನಿಂದನೆಯಾಗಬಹುದು. ಆ ಮೊಕದ್ದಮೆಯ ಫಲಿತಾಂಶಕ್ಕಾಗಿ ಗಡೀಪಾರಿನ ವಿಚಾರಣೆ ಕಾಯಬೇಕೇ ಎಂಬುದನ್ನು 2012ರ ಆರ್‌ಎಸ್ (ಇಂಡಿಯಾ) ತೀರ್ಪು ಚರ್ಚಿಸಿದೆ. ಮೊಕದ್ದಮೆ ಪ್ರಾಮಾಣಿಕವಾದದ್ದೇ, ಕಾಲ ತಳ್ಳಲು ಹೂಡಿದ್ದೇ ಎಂಬುದು ಅಲ್ಲಿ ಮುಖ್ಯ ಪ್ರಶ್ನೆ. ಗಡೀಪಾರಿನ ನೋಟೀಸು ಬಂದ ಮರುವಾರ ಹೂಡಿದ ಮೊಕದ್ದಮೆಯನ್ನು ಅನುಮಾನದಿಂದ ನೋಡುತ್ತಾರೆ.

ಎಲ್ಲಕ್ಕಿಂತ ಕ್ರೂರವಾಗಿ ಕೆಲಸ ಮಾಡುವುದು ಕಾಲ. ಟ್ರಿಬ್ಯೂನಲ್ ನೋಡುವುದು ವಿಚಾರಣೆಯ ದಿನದ ಸ್ಥಿತಿಯನ್ನು. ಮೇಲ್ಮನವಿ ಹಾಕುವಾಗ 17 ಆಗಿದ್ದ ಮಗಳಿಗೆ ವಿಚಾರಣೆಯ ಹೊತ್ತಿಗೆ 18 ತುಂಬಿದರೆ ಅವಳು ಅರ್ಹ ಮಗುವಲ್ಲ. ಎರಡನೇ ವಿನಾಯಿತಿ ಅವಳ ಮಟ್ಟಿಗೆ ಮುಚ್ಚಿಹೋಗುತ್ತದೆ. ಹುಟ್ಟಿದ ದಿನಾಂಕ ಹತ್ತಿರವಿದ್ದರೆ ವಿಚಾರಣೆಯನ್ನು ಬೇಗ ನಡೆಸಿ ಎಂದು ಕಾರಣ ಸಹಿತ ಅರ್ಜಿ ಹಾಕಬೇಕು, ಎರಡು ವಾರ ಮುಂದೂಡಿಕೆಗೆ ಒಪ್ಪುವ ಮುನ್ನ ಕ್ಯಾಲೆಂಡರ್ ನೋಡಬೇಕು. ಈ ಕಾನೂನನ್ನು ಇನ್ನೂ ಬಿಗಿ ಮಾಡುವುದಾಗಿ ಸರ್ಕಾರ 2025ರ ಮೇ ತಿಂಗಳ ಶ್ವೇತಪತ್ರದಲ್ಲೇ ಹೇಳಿರುವುದರಿಂದ, ಯಾವ ನಿಯಮ ಯಾವ ದಿನದಿಂದ ಜಾರಿ ಎಂಬುದನ್ನೂ ವಕೀಲರ ಬಳಿ ಕೇಳಿ ಬರೆದಿಟ್ಟುಕೊಳ್ಳಬೇಕು.

ಗಡೀಪಾರು ಆದೇಶಕ್ಕೆ ತಾನಾಗಿ ಮುಗಿಯುವ ಅವಧಿಯಿಲ್ಲ. ರದ್ದಾಗುವವರೆಗೆ ಅದು ಜಾರಿಯಲ್ಲಿರುತ್ತದೆ. ಕಳಿಸಲ್ಪಟ್ಟ ಮೇಲೂ ರದ್ದತಿಗೆ ಅರ್ಜಿ ಹಾಕಬಹುದು, ಅಲ್ಲಿಯೂ ಕೇಳುವುದು ಮಗುವಿನ ಬಗ್ಗೆಯೇ. ಆದ್ದರಿಂದ ಭಾರತಕ್ಕೆ ಬಂದ ತಂದೆ ಮಾಡಿದ ಪ್ರತಿ ವಿಡಿಯೊ ಕರೆಯ ಪಟ್ಟಿ, ಶಾಲೆಯ ಶುಲ್ಕಕ್ಕೆ ಕಳಿಸಿದ ಹಣದ ರಸೀದಿ, ಪೋಷಕರ ಸಭೆಗೆ ಆನ್‌ಲೈನಿನಲ್ಲಿ ಹಾಜರಾದ ಇಮೇಲು, ಮಗು ರಜೆಗೆ ಬಂದುಹೋದ ಟಿಕೆಟ್ಟು, ಎಲ್ಲವನ್ನೂ ದಿನಾಂಕದ ಪ್ರಕಾರ ಒಂದು ಕಡತದಲ್ಲಿ ಇಡುತ್ತಾ ಹೋಗಬೇಕು.